ಪೂಜೆಗೆ ಕೂತ ಮುಚ್ಚಳ

ಕಾರಿನ ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಒಳಮೈಗೆ ಬೆಣ್ಣೆಯಂಥದ್ದು ಮೆತ್ತಿಕೊಂಡಿತ್ತು. ಪೂರ್ತಿ ಬಿಳಿಯಲ್ಲ, ಹಾಲು ಹೆಚ್ಚಾದ ಕಾಫಿಯ ಮೇಲೆ ನಿಲ್ಲುವ ನೊರೆಯ ಬಣ್ಣ. ನೆರೆಮನೆಯವರು ಅದನ್ನು ಕಿರುಬೆರಳಿನಿಂದ ತೆಗೆದು ತಮ್ಮ ಮೂಗಿನ ಹತ್ತಿರ ಹಿಡಿದರು, ಆಮೇಲೆ ಅಪ್ಪನ ಮೂಗಿನ ಹತ್ತಿರ ಹಿಡಿದರು. ಅಪ್ಪ ಮೂಸಿ, ಏನೂ ತಿಳಿಯದಿದ್ದರೂ ತಿಳಿದವರ ಹಾಗೆ ತಲೆಯಾಡಿಸಿದರು.

"ಎಂಜಿನ್ ಒಳಗೆ ನೀರು ಸೇರಿದೆ ವಕೀಲ್ರೇ. ಇನ್ನು ಇದು ಕಾರಲ್ಲ, ಮಜ್ಜಿಗೆ ಕಡೆಯೋ ಕಡಗೋಲು."

ನೆರೆಮನೆಯವರಿಗೆ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಿತ್ತು. ಒಂದು ಕಾಲಕ್ಕೆ ಲಾರಿಯನ್ನೂ ಓಡಿಸಿದ್ದರು. ಆದ್ದರಿಂದ ನಮ್ಮ ಬೀದಿಯಲ್ಲಿ ಚಕ್ರವಿರುವ ಎಲ್ಲದಕ್ಕೂ ಅವರೇ ವೈದ್ಯರು. ಹೊಲಿಗೆ ಯಂತ್ರವನ್ನು ಕೂಡ ಅವರಿಗೆ ತೋರಿಸುತ್ತಿದ್ದರು. ನಮ್ಮ ಕಾರಿನ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು. ಅದನ್ನು ಅವರು ಎಂದೂ ಮುಚ್ಚಿಟ್ಟಿರಲಿಲ್ಲ. ಗೇಟಿನ ಬಳಿ ನಿಂತು ಅದರ ಮೂತಿ ಸವರಿಯೇ ಒಳಗೆ ಬರುತ್ತಿದ್ದರು. ವಿಜಯದಶಮಿಯ ದಿನ ವಾಹನ ಮನೆಗೆ ತಂದರೆ ಒಳ್ಳೆಯದೆಂದು ಅವರ ನಂಬಿಕೆ. ಆ ಬೆಳಿಗ್ಗೆ ತಾಂಬೂಲ ಹಿಡಿದು ಬರುತ್ತೇನೆ, ಎಂಜಿನ್ನನ್ನು ನಾನೇ ಬಿಚ್ಚಿಸಿಕೊಳ್ಳುತ್ತೇನೆ, ನೀವು ತಲೆಬಿಸಿ ಬಿಡಿ ಎಂದು ಅಪ್ಪನಿಗೆ ಹೇಳಿದರು. ತಿಂಗಳಿಗೊಂದು ಕಾಯಿಲೆ ಹೇಳುತ್ತಿದ್ದ ಆ ಕಾರಿನಿಂದ ಅಪ್ಪನೂ ಬೇಸತ್ತಿದ್ದರು. ಆಯುಧಪೂಜೆಗೆ ಒಂದೇ ದಿನ ಉಳಿದಿತ್ತು.

ಕಾರು ಚಿಕ್ಕದು, ಕಪ್ಪು ಬಣ್ಣದ್ದು. ಊರು ಬಿಟ್ಟು ಮೈಸೂರಿಗೆ ಹೋದ ಒಬ್ಬ ಡಾಕ್ಟರಿಂದ ಅಪ್ಪ ಕೊಂಡದ್ದು. ಮನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಮನೆಗೆ, ಇಷ್ಟೇ ಅದರ ಲೋಕಸಂಚಾರ. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ಭಾನುವಾರಗಳಂದು ಅದನ್ನು ರಾಗಿಗುಡ್ಡದ ಕಡೆಗೂ ಒಯ್ಯಲು ಶುರುವಾಯಿತು. ಅಪ್ಪ ನನಗೆ ಕಾರು ಓಡಿಸಲು ಕಲಿಸುತ್ತಿದ್ದರು. ಕಲಿಸುವುದೆಂದರೆ ಪಕ್ಕದಲ್ಲಿ ಕುಳಿತು, ತಿರುವು ಬಂದಾಗ ಕಣ್ಣು ಮುಚ್ಚಿಕೊಳ್ಳುವುದು.

ಓದು ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯನ್ನು ಮುಂದೇನು ಎಂದು ಕೇಳದವರಿಲ್ಲ. ಹಾಲಿನವಳು ಕೇಳುತ್ತಿದ್ದಳು, ಅಮ್ಮನ ಗೆಳತಿಯರು ಕೇಳುತ್ತಿದ್ದರು, ಪೋಸ್ಟಿನವನು ಕೇಳದೆಯೇ ಮುಖದಲ್ಲಿ ಕೇಳುತ್ತಿದ್ದ. ಸ್ಟೀರಿಂಗ್ ಹಿಡಿದಾಗ ಮಾತ್ರ ಮುಂದೇನು ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು: ಒಂದು ಎತ್ತಿನ ಗಾಡಿ, ಅದರಾಚೆ ಒಂದು ಮೋರಿ. ಕಾರು ಹೋದರೆ ಅದೂ ಹೋಗುತ್ತಿತ್ತು. ನಮ್ಮ ಮನೆಗೆ ಎರಡನೆಯ ಕಾರು ಬರುವ ಸಂಭವವಿರಲಿಲ್ಲ, ಬೇರೆಯವರ ಕಾರನ್ನು ನನ್ನ ಕೈಗೆ ಕೊಡುವವರೂ ಇರಲಿಲ್ಲ. ಆದರೆ ನನಗಿದು ಬೇಕು ಎಂದು ಬಾಯಿಬಿಟ್ಟು ಹೇಳುವುದು ನನ್ನ ಅಭ್ಯಾಸವಲ್ಲ. ಹಾಗಾಗಿ ನಾನು ಅಪ್ಪನಿಗೆ ಬರೀ ರಸಾಯನಶಾಸ್ತ್ರ ಹೇಳಿದೆ.

ಎಂಜಿನ್ ಸರಿಯಾಗಿ ಕಾಯುವಷ್ಟರಲ್ಲಿ ಕೋರ್ಟು ಬಂದುಬಿಡುತ್ತದೆ. ಒಳಗಿನ ತೇವ ಆವಿಯಾಗಿ ಮೇಲೇಳುತ್ತದೆ, ಹೊರಗೆ ಹೋಗುವಷ್ಟು ಬಿಸಿಯಾಗುವುದಿಲ್ಲ. ತಣ್ಣಗಿರುವ ಮುಚ್ಚಳಕ್ಕೆ ತಗುಲಿ, ಎಣ್ಣೆಯೊಂದಿಗೆ ಕಲೆತು ಹೀಗೆ ನೊರೆಯಾಗುತ್ತದೆ. ಅನ್ನದ ಪಾತ್ರೆಯ ತಟ್ಟೆಗೆ ಹನಿ ಕಟ್ಟುವುದಿಲ್ಲವೇ, ಹಾಗೆ. ಮಳೆಗಾಲ ಬೇರೆ ಈಗಷ್ಟೇ ಮುಗಿದಿದೆ. ರೇಡಿಯೇಟರಿನ ನೀರು ಎಂಜಿನ್ನಿಗೆ ಸೋರುತ್ತಿದ್ದರೂ ಇಂಥದೇ ನೊರೆ ಬರುತ್ತದೆ, ಅದು ನಿಜ. ಯಾವುದು ಕಾರಣವೆಂದು ತಿಳಿಯಲು ದಾರಿ ಒಂದೇ. ಮುಚ್ಚಳ ಶುದ್ಧ ಮಾಡಿ, ರೇಡಿಯೇಟರ್ ತುಂಬಿಸಿ, ದೂರ ಓಡಿಸಿ, ಬಂದು ತೆಗೆದು ನೋಡಬೇಕು.

ಅಪ್ಪ ನೆರೆಮನೆಯವರನ್ನು ಮತ್ತೆ ಕರೆಸಿ ಷರತ್ತುಗಳನ್ನು ಗೊತ್ತುಮಾಡಿದರು. ನಾಳೆ ಭದ್ರಾವತಿಗೆ ಹೋಗಿ ಬರುವುದು. ಬಂದ ಮೇಲೆ ಬೆಣ್ಣೆ ಕಂಡರೆ ಕಾರು ಅವರದು, ಕಾಣದಿದ್ದರೆ ಇಲ್ಲ. ನೆರೆಮನೆಯವರು ನಕ್ಕು ಒಪ್ಪಿದರು. ತಮ್ಮ ಲಾರಿಯ ಎಂಜಿನ್ ಕೆಟ್ಟಾಗಲೂ ಇದೇ ಬೆಣ್ಣೆ ಬಂದಿತ್ತು, ಬೇಕಾದರೆ ನೋಡಿ ಎಂದರು.

ಆ ಸಂಜೆ ನಾನು ರೇಡಿಯೇಟರಿಗೆ ಕತ್ತಿನವರೆಗೆ ನೀರು ತುಂಬಿಸಿ, ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಅದರೊಳಗಿನ ಬಳೆಯಾಕಾರದ ಬೆಂಡಿನ ವಾಷರು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿಹೋಗಿತ್ತು. ಅದನ್ನು ಕೆರೆದು ತೆಗೆದೆ, ಬೆಳಿಗ್ಗೆ ದಪ್ಪ ರಟ್ಟಿನಲ್ಲಿ ಹೊಸ ಬಳೆ ಕತ್ತರಿಸಿ ಕೂರಿಸಬೇಕೆಂದುಕೊಂಡೆ. ಮುಚ್ಚಳದಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಇರಲಿಲ್ಲ. ಮಸಿ ಹೋದ ಮೇಲೆ ಅದು ಹೊಸ ಹಿತ್ತಾಳೆಯ ಹಾಗೆ ಹೊಳೆಯಿತು. ಪಡಸಾಲೆಯಲ್ಲಿ ಪೇಪರ್ ಹಾಸಿ, ಅದರ ಮೇಲೆ ಒಣಗಲು ಇಟ್ಟು ಮಲಗಿದೆ.

ಬೆಳಿಗ್ಗೆ ಪೇಪರ್ ಇತ್ತು, ಮುಚ್ಚಳ ಇರಲಿಲ್ಲ.

ಅಜ್ಜಿ ನಸುಕಿನಲ್ಲೇ ಎದ್ದು ಮನೆಯ ಆಯುಧಗಳನ್ನೆಲ್ಲ ದೇವರ ಕೋಣೆಯ ಮಣೆಯ ಮೇಲೆ ಜೋಡಿಸಿ ಪೂಜೆ ಮುಗಿಸಿಬಿಟ್ಟಿದ್ದರು. ಕುಡುಗೋಲು, ಈಳಿಗೆಮಣೆ, ಕತ್ತರಿ, ಅಡಕತ್ತರಿ, ಅಪ್ಪನ ಪೆನ್ನು, ಕಾರಿನ ಸ್ಪ್ಯಾನರುಗಳು. ಎಲ್ಲಕ್ಕೂ ನಡುವೆ, ಒಂದು ಎಲೆಯ ಮೇಲೆ, ಮೂರು ಬೆರಳಿನ ವಿಭೂತಿ ಧರಿಸಿ, ತಲೆಯ ಮೇಲೊಂದು ಸೇವಂತಿಗೆ ಮುಡಿದು, ನನ್ನ ಮುಚ್ಚಳ ಕುಳಿತಿತ್ತು. ಅಷ್ಟು ಹೊಳೆಯುವುದನ್ನು ನಾನು ಪೂಜೆಗೆಂದೇ ಉಜ್ಜಿ ಇಟ್ಟಿದ್ದೇನೆಂದು ಅಜ್ಜಿ ತಿಳಿದಿದ್ದರು. ಮೊಮ್ಮಗಳಿಗೆ ಕೊನೆಗೂ ಭಕ್ತಿ ಬಂತೆಂದು ಅಮ್ಮನ ಹತ್ತಿರ ಹೇಳಿಯೂ ಆಗಿತ್ತು.

ನಮ್ಮ ಮನೆಯ ಕಟ್ಟಳೆ ಎಲ್ಲರಿಗೂ ಗೊತ್ತು. ಆಯುಧಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಿಗ್ಗೆ ಅಜ್ಜಿ ಪೂಜೆ ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ತರಕಾರಿಯನ್ನು ಕೂಡ ಹಿಂದಿನ ದಿನವೇ ಹೆಚ್ಚಿಡಬೇಕು. ಆದರೂ ಅಪ್ಪ ನನ್ನ ಪರವಾಗಿ ವಾದಕ್ಕೆ ನಿಂತರು. ಕಾರಿಗೂ ಪೂಜೆಯಾಗಿದೆ, ಆದರೂ ಅದನ್ನು ಓಡಿಸುತ್ತೇವೆ. ಮುಚ್ಚಳ ಕಾರಿನದೇ ಒಂದು ಅಂಗ. ಆದ್ದರಿಂದ ಅದೂ ಕಾರಿನ ಜೊತೆಯೇ ಹೋಗಬೇಕು ಎಂದರು.

ಅಜ್ಜಿ ಹೂವಿನ ಬುಟ್ಟಿಯಿಂದ ತಲೆ ಎತ್ತಲಿಲ್ಲ. "ಕಾರು ನಿಂಬೆಹಣ್ಣಿನ ಮೇಲೆ ಹೋಗ್ಬೇಕು, ಅದಕ್ಕೆ ಅದು ಹೊರಡಬಹುದು. ಹೊರಟಿದ್ದು ಎಲ್ಲಿ ನಿಲ್ಬೇಕು ಅಂತ ಶಾಸ್ತ್ರ ಹೇಳಿಲ್ಲ, ಭದ್ರಾವತಿಗಾದ್ರೂ ಹೋಗು. ಮುಚ್ಚಳ ಅದರ ಅಂಗ ಆಗಿದ್ರೆ ಕಾರಲ್ಲೇ ಇರ್ಬೇಕಿತ್ತಲ್ಲ ಮಗಾ, ಪೇಪರ್ ಮೇಲೆ ಯಾಕಿತ್ತು?"

ಪ್ರತಿದಿನ ಕೋರ್ಟಿನಲ್ಲಿ ಮಾತಾಡಿ ಬರುವ ಅಪ್ಪ ತಮ್ಮ ವಾದವನ್ನು ಅಲ್ಲಿಗೇ ಮುಗಿಸಿದರು. ಹೊರಗೆ ಬಂದು ಬಾನೆಟ್ ಎತ್ತಿ ಎಂಜಿನ್ನಿನ ತಲೆಯ ಮೇಲಿನ ಗಿಡ್ಡ ಎಣ್ಣೆ ಕೊಳವೆಯ ತೂತನ್ನು ನೋಡುತ್ತ ನಿಂತರು. ಮರುದಿನ ಬೆಳಿಗ್ಗೆಯೇ ತಾಂಬೂಲ ಬರುತ್ತದೆ. ಪರೀಕ್ಷೆ ಮಾಡುವುದಿದ್ದರೆ ಇವತ್ತೇ ಮಾಡಬೇಕು. ನಾನು ಹಳೆಯ ಪಂಚೆಯ ತುಂಡನ್ನು ನಾಲ್ಕಾಗಿ ಮಡಚಿ, ತೂತಿನ ಮೇಲೆ ಹಾಕಿ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುವ ಹಾಗೆ ದಾರದಿಂದ ಬಿಗಿದೆ. ಭದ್ರಾವತಿಯ ತುಂಬ ವರ್ಕ್‌ಶಾಪುಗಳಿವೆ, ಅಲ್ಲಿ ಬೇರೆ ಮುಚ್ಚಳ ಕೊಂಡರಾಯಿತು ಎಂದು ಅಪ್ಪ ಹೇಳಿದರು. ಅವರ ಮಾತು ನನಗೂ ಸರಿಯೆನ್ನಿಸಿತು. ಆ ಊರು ಯಾವುದು, ಈ ದಿನ ಯಾವುದು ಎಂದು ಇಬ್ಬರೂ ಯೋಚಿಸಲಿಲ್ಲ.

ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾದವು. ಅಮ್ಮ ಭದ್ರಾವತಿಯಲ್ಲಿದ್ದ ನನ್ನ ಅತ್ತೆಗೆಂದು ಕಟ್ಟಿದ ಹೋಳಿಗೆಯನ್ನು ಹಿಂದಿನ ಸೀಟಿನಲ್ಲಿ ಇಟ್ಟರು. ತುಂಗೆಯ ಸೇತುವೆ ದಾಟುವವರೆಗೆ ಅಪ್ಪ ಓಡಿಸಿದರು, ಆಮೇಲೆ ನನಗೆ ಕೊಟ್ಟರು. ಬಾನೆಟ್ಟಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಗಾಳಿಗೆ ಎದ್ದೆದ್ದು ಗಾಜಿಗೆ ಬಡಿಯುತ್ತಿತ್ತು. ಎದುರು ಬಂದ ಬಸ್ಸಿನವರು ಹುಡುಗಿ ಓಡಿಸುವುದನ್ನು ನೋಡಲು ಕಿಟಕಿಯಿಂದ ತಲೆ ಹಾಕಿದರು. ನಾನು ಮೈಲಿಗಲ್ಲುಗಳನ್ನು ಮಾತ್ರ ನೋಡಿದೆ.

ಮಾಚೇನಹಳ್ಳಿಯ ಹತ್ತಿರ ಹೋಳಿಗೆಯ ವಾಸನೆಯನ್ನು ಮೀರಿಸಿ ಸುಟ್ಟ ಎಣ್ಣೆಯ ವಾಸನೆ ಬಂತು. ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ. ನಿಲ್ಲಿಸಿ ನೋಡಿದರೆ ಪಂಚೆಯ ತುಂಡು ಎಣ್ಣೆ ಕುಡಿದು, ಹೆಚ್ಚಾದದ್ದನ್ನು ಹೊಗೆ ಹೋಗುವ ಬಿಸಿ ಕೊಳವೆಯ ಮೇಲೆ ಹನಿಸುತ್ತಿತ್ತು. ಅಪ್ಪ ತಮ್ಮ ಹೆಗಲ ಮೇಲಿನ ಶಲ್ಯವನ್ನು ನೋಡಿದರು, ನನ್ನನ್ನು ನೋಡಿದರು, ಶಲ್ಯ ಕೊಟ್ಟರು. ಹಬ್ಬಕ್ಕೆಂದು ಹೊದ್ದದ್ದು, ಜರಿಯಂಚಿನದು. ಜರಿಯಂಚು ಹೊರಗೆ ಕಾಣುವಂತೆ ಕಟ್ಟಿದೆ. ಕಡ್ಡಿ ಇಳಿಸಿ ಎಂಜಿನ್ನಿನ ಎಣ್ಣೆ ನೋಡಿದೆ, ಸಾಕಷ್ಟಿತ್ತು. ನಿಧಾನವಾಗಿ ಓಡಿಸಿಕೊಂಡು ಭದ್ರಾವತಿ ಸೇರಿದೆವು.

ಊರು ಊರೇ ಬಾಳೆಕಂದು ಕಟ್ಟಿಕೊಂಡಿತ್ತು. ಕಬ್ಬಿಣ ಕಾಸುವ, ಬಡಿಯುವ, ಕೊರೆಯುವ ಊರದು. ಅಂದು ಅಲ್ಲಿ ಒಂದು ಸುತ್ತಿಗೆಯ ಸದ್ದಿಲ್ಲ. ರಸ್ತೆಯ ಮೇಲೆಲ್ಲ ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳು. ಪ್ರತಿ ವರ್ಕ್‌ಶಾಪಿನ ಬಾಗಿಲೂ ತೆರೆದಿತ್ತು, ಒಳಗೆ ಪ್ರತಿ ಯಂತ್ರವೂ ಹೂ ಮುಡಿದು ಸುಮ್ಮನೆ ಕುಳಿತಿತ್ತು. ಆಗ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ನಮ್ಮ ಅಜ್ಜಿ ಒಬ್ಬರೇ ಅಲ್ಲ. ಇಡೀ ಭದ್ರಾವತಿಯೇ ಅಜ್ಜಿಯಾಗಿತ್ತು.

ಹೋದಲ್ಲೆಲ್ಲ ನಮ್ಮನ್ನು ಕೂರಿಸಿ ಪುರಿ, ಹುರಿಗಡಲೆ, ಬಾಳೆಹಣ್ಣು ಕೊಟ್ಟರು. ಮುಚ್ಚಳ ಮಾತ್ರ ಕೊಡಲಿಲ್ಲ. ಸೇತುವೆಯ ಬಳಿಯ ವರ್ಕ್‌ಶಾಪಿನ ತಮಿಳು ಮೇಸ್ತ್ರಿ ಬಾನೆಟ್ ಎತ್ತಿಸಿ, ಜರಿಯಂಚಿನ ಶಲ್ಯವನ್ನು ನೋಡಿ ಬಹಳ ಹೊತ್ತು ನಕ್ಕರು. ಹಳೆಯ ಮುಚ್ಚಳಗಳ ದೊಡ್ಡ ಡಬ್ಬಿಯೇ ಅವರಲ್ಲಿತ್ತು. ಗಣಪತಿಯ ಪಟದ ಮುಂದೆ, ಗಂಧ ಹಚ್ಚಿಸಿಕೊಂಡು ಕುಳಿತಿತ್ತು. ನಮಗೆ ಯಾವುದು ಸರಿಹೋಗುತ್ತದೆಂದು ಅವರು ದೂರದಿಂದಲೇ ಬೆರಳು ಮಾಡಿ ತೋರಿಸಿದರು.

"ಅದೋ, ಮೇಲ್ಗಡೆ ಇದೆಯಲ್ಲ ಅದೇ ಸಾರ್, ಕರೆಕ್ಟಾ ಕೂತ್ಕೊಳ್ಳುತ್ತೆ. ಇವತ್ತು ಅದಕ್ಕೂ ಲೀವು, ನನಗೂ ಲೀವು. ನಾಳೆ ವಾಂಗೊ, ಬನ್ನಿ, ನಾನೇ ಹಾಕಿಕೊಡ್ತೀನಿ."

ನಾಳೆ ಕಾರು ನಮ್ಮದಾಗಿರುತ್ತದೋ ಇಲ್ಲವೋ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಪ್ಪ ಪುರಿಯ ಪೊಟ್ಟಣ ಹಿಡಿದು, ಅಷ್ಟು ಹತ್ತಿರದಲ್ಲಿ ಅಷ್ಟು ದೂರ ಕುಳಿತ ಆ ಮುಚ್ಚಳಕ್ಕೆ ಕೈ ಮುಗಿದು ಬಂದರು.

ಅತ್ತೆ, ಎಂದರೆ ಅಪ್ಪನ ತಂಗಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು. ಮಾವ ಕಾರ್ಖಾನೆಯ ಪೂಜೆಗೆ ಹೋಗಿದ್ದರು. ಅತ್ತೆಯ ಸ್ವಭಾವ ನನ್ನದಕ್ಕೆ ಪೂರ್ತಿ ತಿರುಗಾಮುರುಗ. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅವರಲ್ಲಿ ನಡುವೆ ನಿಲ್ದಾಣವಿಲ್ಲ. ನಡೆದದ್ದನ್ನೆಲ್ಲ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅಡಿಗೆಮನೆಯಲ್ಲಿ ಇದ್ದಬದ್ದ ಮುಚ್ಚಳಗಳನ್ನೆಲ್ಲ ಮೊರಕ್ಕೆ ತುಂಬಿ ತಂದರು. ಈಳಿಗೆಮಣೆ, ಚಾಕು ಆಯುಧಗಳು ಸರಿ. ಮುಚ್ಚಳ ಯಾವ ಲೆಕ್ಕದಲ್ಲೂ ಆಯುಧವಲ್ಲ, ಅವ್ವನಿಗೆ ವಯಸ್ಸಾಯಿತು ಎಂದರು.

ಕಾರಿನ ಮುಂದೆ ಮೊರ ಇಟ್ಟುಕೊಂಡು ನಾನು ಒಂದೊಂದನ್ನೇ ಕೂರಿಸಿ ನೋಡಿದೆ. ಅರಿಸಿನದ ಭರಣಿಯದು ಒಳಗೇ ಬೀಳುವಂತಿತ್ತು. ತುಪ್ಪದ ಗಿಂಡಿಯದು ಅಗಲ. ಪೌಡರ್ ಡಬ್ಬದ್ದು ತೆಳು ತಗಡು, ಒತ್ತಿದರೆ ಬಾಗುತ್ತಿತ್ತು. ಕೊನೆಗೆ ಹಿತ್ತಾಳೆಯ ಕಾಫಿ ಫಿಲ್ಟರಿನ ಮುಚ್ಚಳ ಎಣ್ಣೆ ಕೊಳವೆಯ ಬಾಯಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸ್ವಲ್ಪ ಸಡಿಲ, ಅಷ್ಟೇ. ಬಳೆ ಕತ್ತರಿಸಿ ಹಾಕೋಣವೆಂದರೆ ಅತ್ತೆಯ ಕತ್ತರಿಯೂ ಪೂಜೆಯಲ್ಲಿತ್ತು. ಹತ್ತಿಯ ದಪ್ಪ ದಾರವನ್ನು ಎಣ್ಣೆಯಲ್ಲಿ ಅದ್ದಿ, ಕೊಳವೆಯ ಸುತ್ತ ಒತ್ತೊತ್ತಾಗಿ ಸುತ್ತಿದೆ. ಅದರ ಮೇಲೆ ಮುಚ್ಚಳ ಒತ್ತಿ, ಅದರ ಗುಬುಟಿನ ಮೇಲಿಂದ ತಂತಿ ಹಾಯಿಸಿ, ಎರಡೂ ಕಡೆ ಹುರಿ ಮಾಡಿ ಬಿಗಿದೆ. ಎಂಜಿನ್ ಚಾಲೂ ಮಾಡಿ ಕೈ ಹಿಡಿದು ನೋಡಿದೆ. ಸುತ್ತಲೂ ಒಂದು ಹನಿ ಎಣ್ಣೆಯೂ ಬರಲಿಲ್ಲ.

ನಾನು ತಲೆ ಎತ್ತಿದಾಗ ಅತ್ತೆ ಕಾರನ್ನಲ್ಲ, ನನ್ನನ್ನೇ ನೋಡುತ್ತಿದ್ದರು. ನನ್ನ ಕೆನ್ನೆಯ ಮೇಲೆ ಎಣ್ಣೆ ಇದ್ದಿರಬೇಕು.

"ಅಣ್ಣಯ್ಯ, ಇವಳಿಗೆ ಈ ಕಾರು ಬೇಕು," ಎಂದರು. "ಇವಳು ಹೇಳಲ್ಲ. ಸತ್ರೂ ಹೇಳಲ್ಲ. ನೀನಾದ್ರೂ ಕೇಳಿದ್ಯಾ?"

ಅಪ್ಪ ಬಾಳೆಹಣ್ಣು ಸುಲಿಯುತ್ತಿದ್ದವರು ನಿಲ್ಲಿಸಿದರು. ನೀರು, ಎಣ್ಣೆ, ಆವಿ ಎಂದು ಇವಳು ಅಷ್ಟೆಲ್ಲ ಹೇಳಿದಳು, ಇದೊಂದನ್ನು ಹೇಳಲಿಲ್ಲ ಎಂದು ತಂಗಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹೌದೇನೇ?" ಎಂದರು.

"ಹೌದು," ಎಂದೆ. ಅಷ್ಟು ಹೇಳುವುದಕ್ಕೆ ಭದ್ರಾವತಿಯವರೆಗೆ ಬರಬೇಕಾಯಿತು. ತಕ್ಷಣ ಬಗ್ಗಿ, ಬಿಗಿದಿದ್ದ ತಂತಿಯನ್ನೇ ಇನ್ನೊಮ್ಮೆ ಬಿಗಿದೆ.

ಷರತ್ತು ಷರತ್ತೇ. ನೆರೆಮನೆಯವರಿಗೆ ಮಾತು ಕೊಟ್ಟಾಗಿದೆ. ಬೆಣ್ಣೆ ಕಂಡರೆ ಮಗಳಿಗೆ ಬೇಕೆಂದು ಅಪ್ಪ ಮಾತು ತಪ್ಪುವವರಲ್ಲ. ಅದು ನನಗೂ ಗೊತ್ತಿತ್ತು. ಹೊರಡುವಾಗ ಅತ್ತೆ ಮುಚ್ಚಳವಿಲ್ಲದ ಫಿಲ್ಟರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ತಮ್ಮ ಕಾಫಿ ಆರಿದರೂ ಚಿಂತೆಯಿಲ್ಲ, ಕಾರು ಮಾತ್ರ ಬಿಸಿಯಾಗಿರಲಿ ಎಂದು ಹರಸಿದರು.

ಹಿಂದಿರುಗುವಾಗ ಪೂರ್ತಿ ದಾರಿ ನಾನೇ ಓಡಿಸಿದೆ. ಸುಟ್ಟ ವಾಸನೆ ಬರಲಿಲ್ಲ, ಹೊಗೆಯೂ ಇಲ್ಲ. ಅಪ್ಪ ತಿರುವುಗಳಲ್ಲಿ ಕಣ್ಣು ಮುಚ್ಚಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಮುಚ್ಚಿದರು, ಆದರೆ ಬೇಗ ತೆರೆದರು. ಅವರ ಹೆಗಲು ಬರಿದಾಗಿತ್ತು. ಎಣ್ಣೆಯಾದ ಶಲ್ಯವನ್ನು ಕಾಲಿನ ಹತ್ತಿರ ಸುತ್ತಿಟ್ಟುಕೊಂಡಿದ್ದರು. ಅಮ್ಮನಿಗೆ ಏನು ಹೇಳಬೇಕೆಂಬುದನ್ನು ತಾವು ನೋಡಿಕೊಳ್ಳುವುದಾಗಿ ಎರಡು ಸಲ ಹೇಳಿದರು. ಎರಡನೆಯ ಸಲ ಧೈರ್ಯ ಕಡಿಮೆಯಿತ್ತು.

ನೆರೆಮನೆಯವರು ಗೇಟಿನಲ್ಲೇ ಕಾಯುತ್ತಿದ್ದರು. ಬಾನೆಟ್ ಎತ್ತಿದೊಡನೆ ಅವರ ಕಣ್ಣು ಫಿಲ್ಟರ್ ಮುಚ್ಚಳದ ಮೇಲೆ ಬಿತ್ತು. ಎಂಜಿನ್ನಿಗೂ ಕಾಫಿಯ ಚಟ ಹತ್ತಿಸಿದಿರಾ ಎಂದು ಕೇಳಿದರು. ನಾನು ಬಟ್ಟೆ ಹಿಡಿದು ತಂತಿ ಬಿಚ್ಚಿದೆ. ಮುಚ್ಚಳವನ್ನು ಮಗುಚಿ ಅವರ ಮುಂದೆ ಹಿಡಿದೆ.

ಒಳಮೈಯಲ್ಲಿ ತೆಳುವಾಗಿ ಎಣ್ಣೆ ಹರಡಿತ್ತು. ಅದರೊಳಗೆ ಹಿತ್ತಾಳೆ ಕಾಣುತ್ತಿತ್ತು. ನೊರೆಯಿಲ್ಲ, ಬಿಳುಪಿಲ್ಲ, ನೀರಿನ ಹನಿಯಿಲ್ಲ. ನೆರೆಮನೆಯವರು ಕಿರುಬೆರಳಾಡಿಸಿದರು, ಮೂಸಿದರು, ಬೆಳಕಿಗೆ ಹಿಡಿದರು. ಹೋಗುವಾಗ ತೂತು ತೆರೆದಂತೆಯೇ ಇತ್ತಲ್ಲ, ನೀರೆಲ್ಲ ಅಲ್ಲೇ ಹಾರಿಹೋಗಿರಬೇಕು ಎಂದು ತಕರಾರು ತೆಗೆದರು. ತಕರಾರು ಬುದ್ಧಿವಂತಿಕೆಯದು, ನಾನದನ್ನು ನಿರೀಕ್ಷಿಸಿದ್ದೆ. ಎಂಜಿನ್ ಆರುವ ತನಕ ಕಾದು, ರೇಡಿಯೇಟರಿನ ಮುಚ್ಚಳ ತೆಗೆದು ತೋರಿಸಿದೆ. ಹಿಂದಿನ ಸಂಜೆ ಎಲ್ಲಿಯವರೆಗೆ ತುಂಬಿಸಿದ್ದೆನೋ ನೀರು ಅಲ್ಲೇ ನಿಂತಿತ್ತು. ಒಳಗೆ ಸೋರಿದ್ದರೆ ಇಲ್ಲಿ ಇಳಿದಿರಬೇಕಿತ್ತು ಎಂದೆ. ಅವರು ಬಗ್ಗಿ ನೀರಿನಲ್ಲಿ ತಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

"ಬೆಣ್ಣೆ ಇಲ್ಲ ವಕೀಲ್ರೇ. ಸೋತೆ," ಎಂದರು. ಆಮೇಲೆ ಆಸೆ ಬಿಡದೆ, ಎಂಜಿನ್ ಚೆನ್ನಾಗಿದೆಯೆಂದ ಮೇಲೆ ತಮಗೆ ಇನ್ನೂ ಹೆಚ್ಚು ಬೇಕಾಗಿದೆ, ಷರತ್ತನ್ನು ಮರೆತು ಕೊಡುವುದಾದರೆ ಕೊಡಿ ಎಂದರು.

"ಕೊಡಲ್ಲ ಮಾರಾಯ್ರೇ," ಎಂದರು ಅಪ್ಪ. "ನಮ್ಮ ಮಗಳಿಗೆ ಬೇಕಂತೆ."

ನೆರೆಮನೆಯವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

"ಅಲ್ಲ ತಾಯಿ, ಮೊದ್ಲೇ ಒಂದು ಮಾತು ಹೇಳಿದ್ರೆ ನಾನು ಆ ಮುಚ್ಚಳ ತೆಗೀತಾನೇ ಇರ್ಲಿಲ್ವಲ್ಲ."

ಒಳಗೆ ಬಂದು ಹೋಳಿಗೆ ತಿಂದು ಹೋಗಿ ಎಂದೆ. ಅವರು ಬಂದರು, ತಿಂದರು, ಇನ್ನೊಂದು ಹಾಕಿಸಿಕೊಂಡರು. ಇದೆಲ್ಲ ಆಯುಧಪೂಜೆಯ ಫಲ ಎಂದು ಅಜ್ಜಿ ಅವರಿಗೆ ವಿವರಿಸುತ್ತಿದ್ದುದು ನನಗೆ ಅಡಿಗೆಮನೆಯವರೆಗೆ ಕೇಳಿಸಿತು. ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಅಪ್ಪ ಮಾತ್ರ ಶಲ್ಯದ ವಿಚಾರಣೆಗೆ ಅಮ್ಮನ ಮುಂದೆ ಹಾಜರಾಗಿದ್ದರು.

ಮರುದಿನ ಬೆಳಿಗ್ಗೆ ಅಜ್ಜಿ ಪೂಜೆ ಕದಲಿಸಿದ ಮೇಲೆ ಮುಚ್ಚಳವನ್ನು ತೆಗೆದುಕೊಂಡೆ. ಒಳಗೆ ಬಿದ್ದಿದ್ದ ವಿಭೂತಿಯನ್ನು ಒರೆಸಿ, ಹೊರಗಿನದನ್ನು ಹಾಗೇ ಬಿಟ್ಟೆ. ದಪ್ಪ ರಟ್ಟಿನಲ್ಲಿ ಬಳೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಕೂರಿಸಿ, ಮುಚ್ಚಳವನ್ನು ಕೈಯಿಂದಲೇ ತಿರುಗಿಸಿ ಬಿಗಿದೆ. ಹೋಗಿ ಬರುತ್ತೇನೆಂದು ಅಪ್ಪನಿಗೆ ಹೇಳಿದಾಗ ಅವರು ಚಪ್ಪಲಿ ಮೆಟ್ಟಲು ಎದ್ದರು, ನನ್ನನ್ನು ನೋಡಿ ಮತ್ತೆ ಕುಳಿತರು. ಒಬ್ಬಳೇ ಆಲ್ಕೊಳದವರೆಗೆ ಓಡಿಸಿಕೊಂಡು ಹೋದೆ. ಅಲ್ಲಿ ರಸ್ತೆಯ ಪಕ್ಕ ನಿಲ್ಲಿಸಿ, ಬಾನೆಟ್ ಎತ್ತಿ, ಮುಚ್ಚಳ ತೆಗೆದು ನೋಡಿದೆ, ನೊರೆಯಿರಲಿಲ್ಲ. ಮತ್ತೆ ಮುಚ್ಚಿ, ಕೈ ಒರೆಸಿಕೊಂಡು, ಇನ್ನೂ ಸ್ವಲ್ಪ ದೂರ ಹೋದೆ.